ಟ್ರೇಡ್ ಲೈಸೆನ್ಸ್ ಇದ್ದ ಮೇಲೂ ವೃತ್ತಿ ತೆರಿಗೆ ಕಟ್ಟಬೇಕಾ?

ಕಾರವಾರದಲ್ಲಿ ಸಣ್ಣ ಅಂಗಡಿ, ನಗರಸಭೆಗೆ ಲೈಸೆನ್ಸ್ ಶುಲ್ಕ ಕಟ್ಟಿಯಾಗಿದೆ, ಮತ್ತೆ ರಾಜ್ಯ ಸರ್ಕಾರಕ್ಕೆ ವೃತ್ತಿ ತೆರಿಗೆ ಯಾಕೆ, ಸುಮ್ನಿದ್ದರೆ ಯಾರಿಗೆ ಗೊತ್ತಾಗುತ್ತದೆ ಅಂತ ಕೇಳಿದ್ದೀರಿ. ನಾನೂ ಇದೇ ಮಾತು ಆಡಿಕೊಂಡು ತಿರುಗಿದವನು.

ಬೈತಖೋಲ್ ಕಡೆ ನನ್ನದೊಂದು ಅಂಗಡಿ ಇತ್ತು. ಬಲೆ, ನೈಲಾನ್ ಹಗ್ಗ, ಸೀಸದ ಗುಂಡು, ರೇನ್‌ಕೋಟ್. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ. ಆಗ ಬಲೆ ರಿಪೇರಿ ಮಾಡುವವರು ಬರುತ್ತಿದ್ದರು, ಆದರೆ ಎಲ್ಲಾ ಉದ್ರಿ. ಮೀನು ಸರಿಯಾಗಿ ಸಿಗದ ಒಂದೆರಡು ಸೀಸನ್ ಆದ ಮೇಲೆ ಉದ್ರಿ ಪುಸ್ತಕ ಮಾತ್ರ ಉಳಿಯಿತು. ಬಾಗಿಲು ಹಾಕಿ ಶಿರಸಿಗೆ ಹೋದೆ, ಅಣ್ಣನ ಹಾರ್ಡ್‌ವೇರ್ ಅಂಗಡಿಗೆ.

ಯಡವಟ್ಟಾಗಿದ್ದು ಇಲ್ಲೇ. ಟ್ರೇಡ್ ಲೈಸೆನ್ಸ್ ವರ್ಷಕ್ಕೊಮ್ಮೆ ನವೀಕರಿಸುವಂಥದ್ದು. ಮಾರ್ಚ್ ಮುಗಿಯಿತು, ನಾನು ನವೀಕರಿಸಲಿಲ್ಲ, ಅದು ತಾನೇ ಸತ್ತಿತು. ಜಿಎಸ್‌ಟಿ ನಂಬರನ್ನು ಲೆಕ್ಕ ನೋಡುವವರು ರದ್ದು ಮಾಡಿಸಿದ್ದರು. ಅಲ್ಲಿಗೆ ಎಲ್ಲಾ ಮುಗಿಯಿತು ಅಂದುಕೊಂಡೆ. ವೃತ್ತಿ ತೆರಿಗೆಯ ಎನ್‌ರೋಲ್‌ಮೆಂಟ್, ಅಂದರೆ ತೆರಿಗೆ ಕಟ್ಟುವವರ ಪಟ್ಟಿಗೆ ಹೆಸರು ಸೇರಿಸುವುದು, ಹಾಗಲ್ಲ ಮಾರಾಯ್ರೇ. ಅದಕ್ಕೆ ನವೀಕರಣ ಅಂತಿಲ್ಲ, ಹಾಗಾಗಿ ಅವಧಿ ಮುಗಿಯುವುದೂ ಇಲ್ಲ. ಒಮ್ಮೆ ಹೆಸರು ಸೇರಿತು ಅಂದರೆ ನೀವಾಗಿ ಅರ್ಜಿ ಕೊಟ್ಟು ರದ್ದು ಮಾಡಿಸುವವರೆಗೆ ಪ್ರತಿ ಏಪ್ರಿಲ್‌ಗೂ 2500 ರೂಪಾಯಿ ನಿಮ್ಮ ಹೆಸರಿಗೆ ಬೀಳುತ್ತಲೇ ಇರುತ್ತದೆ. ಜಿಎಸ್‌ಟಿ ರದ್ದಾದ ಮಾತ್ರಕ್ಕೆ ಇದು ರದ್ದಾಗುವುದಿಲ್ಲ. ಅರ್ಜಿಯೇ ಬೇರೆ, ಫೈಲೇ ಬೇರೆ. ಇದನ್ನು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ವೃತ್ತಿ ತೆರಿಗೆ ಬಾಕಿಯ ನೋಟಿಸು ಹಳೇ ವಿಳಾಸಕ್ಕೆ ಹೋಗಿತ್ತು. ಅಲ್ಲೀಗ ಬೀಡಾ ಅಂಗಡಿ. ಆ ಪುಣ್ಯಾತ್ಮ ಜೋಪಾನವಾಗಿ ಡ್ರಾಯರಿನಲ್ಲಿ ಇಟ್ಟಿದ್ದರು. ಕೈಗೆ ಬಂದಾಗ ಲಕೋಟೆಯ ಮೂಲೆಯಲ್ಲಿ ಸುಣ್ಣದ ಬೆರಳಚ್ಚು. ನಾಲ್ಕು ವರ್ಷದ ಬಾಕಿ, ಅಸಲೇ ಹತ್ತು ಸಾವಿರ. ಮೇಲೆ ತಿಂಗಳಿಗೆ ನೂರಕ್ಕೆ ಒಂದೂಕಾಲು ರೂಪಾಯಿ ಬಡ್ಡಿ, ಅದರ ಮೇಲೆ ದಂಡ. ವ್ಯಾಪಾರವೇ ಮಾಡದವನಿಗೆ ವೃತ್ತಿ ತೆರಿಗೆ ಎಲ್ಲಿಂದ ಬಂತು ಅಂತ ವಾದಿಸಿದೆ. ಮುಚ್ಚಿದ್ದಕ್ಕೆ ದಾಖಲೆ ಕೊಡಿ ಅಂದರು ತೆರಿಗೆ ಕಚೇರಿಯವರು. ಬಾಡಿಗೆ ಬರೀ ಬಾಯಿಮಾತಿನದು. ಕರೆಂಟ್ ಮೀಟರು ಮಾಲೀಕರ ಹೆಸರಲ್ಲಿ. ಏನು ಕೊಡಲಿ? ಕಟ್ಟಿದೆ.

ಈಗ ನಿಮ್ಮ ಪ್ರಶ್ನೆ. ಒಂದೇ ದುಡ್ಡನ್ನು ಎರಡು ಸಲ ಕೇಳುತ್ತಾರೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಲೈಸೆನ್ಸ್ ಶುಲ್ಕ ಊರಿನ ನಗರಸಭೆಯಲ್ಲೇ ಉಳಿಯುತ್ತದೆ. ವೃತ್ತಿ ತೆರಿಗೆ 1976ರ ರಾಜ್ಯ ಕಾಯ್ದೆಯದು, ವಾಣಿಜ್ಯ ತೆರಿಗೆ ಇಲಾಖೆಯ ಮೂಲಕ ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ. ಸಿಟ್ಟು ಬರಬೇಕಾದದ್ದು ಇನ್ನೊಂದಕ್ಕೆ. ಸಂವಿಧಾನದ 276ನೇ ವಿಧಿಯ ಪ್ರಕಾರ ಈ ತೆರಿಗೆ ಒಬ್ಬರಿಗೆ ವರ್ಷಕ್ಕೆ 2500 ದಾಟುವಂತಿಲ್ಲ. ಮೊದಲು 250 ಇತ್ತು, 1988ರ ತಿದ್ದುಪಡಿಯಲ್ಲಿ ಹತ್ತು ಪಟ್ಟಾಯಿತು, ಅಲ್ಲೇ ನಿಂತಿದೆ. ಅಂದರೆ ಬೆಂಗಳೂರಿನಲ್ಲಿ ಕೋಟಿ ದುಡಿಯುವವರಿಗೂ ಅಷ್ಟೇ, ಹಗ್ಗ ಮಾರುತ್ತಿದ್ದ ನನಗೂ ಅಷ್ಟೇ. ಇದು ಯಾವ ನ್ಯಾಯ?

ಯಾರಿಗೂ ಗೊತ್ತಾಗುವುದಿಲ್ಲ ಅನ್ನುವ ಭ್ರಮೆ ಬಿಡಿ. 2025ರಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಯವರಿಗೆ ಜಿಎಸ್‌ಟಿ ನೋಟಿಸು ಬಂದದ್ದು ನೆನಪಿದೆ ಅಲ್ವಾ? ಎನ್‌ರೋಲ್ ಆಗಿ, ಏಪ್ರಿಲ್ 30ರೊಳಗೆ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಕೆಲಸದ ಹುಡುಗನ ಸಂಬಳ 25,000ಕ್ಕಿಂತ ಕಡಿಮೆ ಇದ್ದರೆ ಅವನಿಂದ ವೃತ್ತಿ ತೆರಿಗೆ ಅಂತ ಏನೂ ಹಿಡಿಯಬೇಡಿ. ಬಾಡಿಗೆ ಕರಾರನ್ನು ಮಾತ್ರ ಈಗಲೇ ಬರವಣಿಗೆಯಲ್ಲಿ ಮಾಡಿಸಿ, ಹೆಸ್ಕಾಂ ಮೀಟರು ನಿಮ್ಮ ಹೆಸರಿಗೆ ಆದರೆ ಇನ್ನೂ ಒಳ್ಳೆಯದು. ಮುಂದೆ ಅಂಗಡಿ ಮುಚ್ಚುವ ಪ್ರಸಂಗ ಬಂದರೆ ಕೊನೇ ಕರೆಂಟ್ ಬಿಲ್ಲಿನ ಜೊತೆ ರದ್ದತಿ ಅರ್ಜಿಯನ್ನು ಅದೇ ವಾರ ಕೊಟ್ಟು ಸ್ವೀಕೃತಿ ತಗೊಳ್ಳಿ.