ಒನ್ ಪೀಸ್ ಅನಿಮೆಯನ್ನು ಎಳೆಯದೆ ಬರೆಯುವುದು ಹೇಗೆ?

ಡ್ರೆಸ್‌ರೋಸಾ ಎಂಬ ಕಥಾಭಾಗದ ಹೊತ್ತಿಗೆ, ಕಡಲ್ಗಳ್ಳರ ಕಥೆ ಹೇಳುವ ಜಪಾನಿ ಅನಿಮೆ ಒನ್ ಪೀಸ್ ನಮ್ಮ ಸಂಜೆ ಧಾರಾವಾಹಿಗಳ ಹಾಗೆ ಎಳೆಯತೊಡಗಿತು, ಕಥೆಯೇ ಸೊರಗಿತೋ ಅಥವಾ ಬರೆಯುವವರು ಸೋತರೋ, ಸರಿಪಡಿಸಲು ದಾರಿ ಇದೆಯೇ ಎಂದು ಕೇಳಿದ್ದೀರಿ. ಮೂಲ ಮಾಂಗಾ (ಜಪಾನಿ ಕಾಮಿಕ್ಸ್) ಬರೆಯುವ ಎಯಿಚಿರೊ ಓಡಾ ಅವರ ಕಥೆ ಸೊರಗಿಲ್ಲ. ಅನಿಮೆಯ ಚಿತ್ರಕಥೆ ತನ್ನ ನಿಮಿಷಗಳನ್ನು ತಪ್ಪು ಜಾಗದಲ್ಲಿ ಸುರಿಯುತ್ತಿದೆ. ಆಗಲೇ ತುಂಬಿರುವ ದೃಶ್ಯವನ್ನು ಹಿಗ್ಗಿಸುತ್ತಾರೆ, ಓಡಾ ಜಾಗ ಬಿಟ್ಟಿರುವ ಕಡೆ ಮಾತ್ರ ಕೈ ಇಡುವುದಿಲ್ಲ.

ಲೆಕ್ಕದಿಂದ ಶುರು ಮಾಡೋಣ. ಒಂದು ಎಪಿಸೋಡ್ ಸುಮಾರು 24 ನಿಮಿಷ. ಬಹಳ ವರ್ಷ ಆರಂಭದ ಹಾಡಿಗೇ ಎರಡೂವರೆ ನಿಮಿಷ ಹೋಗುತ್ತಿತ್ತು. ಅದರ ಮೇಲೆ ಹಿಂದಿನ ವಾರದ ಮರುನೋಟ, ಕೊನೆಗೆ ಮುಂದಿನ ವಾರದ ತುಣುಕು. ಹೊಸ ಕಥೆಗೆ ಉಳಿಯುವುದು ಹದಿನಾರು ಹದಿನೇಳು ನಿಮಿಷ. ಮಾಂಗಾದ ಒಂದು ಚಾಪ್ಟರ್ ಸಾಮಾನ್ಯವಾಗಿ 17 ಪುಟ. ಎಪಿಸೋಡಿಗೊಂದು ಚಾಪ್ಟರ್ ಎಂದರೆ ಪುಟಕ್ಕೊಂದು ನಿಮಿಷವಾಯಿತು. ಓದುವಾಗ ಅದೇ ಪುಟವನ್ನು ಕೆಲವೇ ಸೆಕೆಂಡಿನಲ್ಲಿ ದಾಟಿಬಿಡುತ್ತೇವೆ. 1999ರಲ್ಲಿ ಶುರುವಾದಾಗ ಮೊದಲ 53 ಎಪಿಸೋಡುಗಳು ಸುಮಾರು 100 ಚಾಪ್ಟರುಗಳನ್ನು ಮುಗಿಸಿದವು. ಡ್ರೆಸ್‌ರೋಸಾದಲ್ಲಿ 102 ಚಾಪ್ಟರಿಗೆ 118 ಎಪಿಸೋಡ್ ಬೇಕಾಯಿತು. ಕಾರಣ ಗುಟ್ಟೇನಲ್ಲ. ಟಿವಿ ಸ್ಲಾಟ್ ವಾರವಾರ ತುಂಬಬೇಕಿತ್ತು, ಆದರೆ ಓಡಾ ಅವರ ರಜೆ ಕಳೆದರೆ ಈಚಿನ ವರ್ಷಗಳಲ್ಲಿ ಬರುವ ಚಾಪ್ಟರುಗಳು ವರ್ಷಕ್ಕೆ ನಲವತ್ತು ಮುಟ್ಟುವುದಿಲ್ಲ.

ನಿಧಾನವೇ ದೋಷವೆಂದು ನಾನು ಹೇಳುವುದಿಲ್ಲ. ನಿಧಾನದ ಒಳಗೆ ಏನಿಟ್ಟರು ಎಂಬುದನ್ನು ನೋಡಬೇಕು. ಡ್ರೆಸ್‌ರೋಸಾದ ಕೊನೆಯನ್ನೇ ತೆಗೆದುಕೊಳ್ಳಿ. ಖಳನಾಯಕ ಡೋಫ್ಲಮಿಂಗೊ ಹಾಕಿದ ದಾರದ ಪಂಜರ ಊರನ್ನು ಸುತ್ತುವರಿದು ಒಳಕ್ಕೆ ಕುಗ್ಗುತ್ತಿದೆ. ಗೇರ್ 4 ಎಂಬ ಬಲವರ್ಧಿತ ರೂಪ ಮುಗಿದು ನಾಯಕ ಲುಫಿಯ ಹಕಿ, ಅಂದರೆ ಕಾಳಗದ ಅಂತಃಶಕ್ತಿ, ಬತ್ತಿಹೋಗಿದೆ, ಮತ್ತೆ ತುಂಬಿಕೊಳ್ಳಲು ಹತ್ತು ನಿಮಿಷ ಬೇಕು. ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ಗಡಿಯಾರ ಸಿಗಲಾರದು. ಆದರೆ ಆ ಹತ್ತು ನಿಮಿಷ ತೆರೆಯ ಮೇಲೆ ವಾರಗಟ್ಟಲೆ ಹಿಡಿಯಿತು. ದಾರ ಬರುತ್ತದೆ, ಜನ ಓಡುತ್ತಾರೆ, ನಾಲ್ಕು ಬೆಚ್ಚಿದ ಮುಖಗಳು, ಮತ್ತೆ ದಾರ. ಪಂಜರ ಎಷ್ಟು ಕುಗ್ಗಿತು, ಇನ್ನೆಷ್ಟು ಉಳಿಯಿತು ಎಂಬ ಅಂದಾಜೇ ಸಿಗದಿದ್ದರೆ ನೋಡುವವನ ಎದೆಬಡಿತ ಇಳಿದುಹೋಗುತ್ತದೆ.

ಇದಕ್ಕೆ ಮದ್ದು ಬಹಳ ಸರಳ, ಸ್ಟೋರಿಬೋರ್ಡಿಗೆ ಹೋಗುವ ಮೊದಲೇ ಮಾಡಬೇಕಾದ್ದು. ಊರಿನ ಹೊರಗಿನಿಂದ ಒಳಕ್ಕೆ ಐದು ಗುರುತುಗಳನ್ನು ಆರಿಸಿ: ಹೊರಗಿನ ಹೊಲ, ಒಂದು ಸೇತುವೆ, ಒಂದು ಬೀದಿ, ಒಂದು ಮನೆ, ನಡುವಿನ ಗುಡ್ಡ, ಹೀಗೆ. ಪಂಜರ ಕಾಣಿಸಿದಾಗಲೆಲ್ಲ ಅದು ಹೊಸದೊಂದು ಗುರುತನ್ನು ದಾಟಿರಲೇಬೇಕು. ದಾಟಿದಾಗ ನಮಗೆ ಪರಿಚಯವಿರುವ ಒಬ್ಬರಾದರೂ ಏನನ್ನೋ ಕಳೆದುಕೊಳ್ಳಬೇಕು. ಮಾಂಗಾದಲ್ಲಿ ಲುಫಿಯ ತಂಡದ ಝೋರೊ, ನೌಕಾಸೇನೆಯ ಫುಜಿತೊರಾ ಮತ್ತು ಊರಿನವರು ಪಂಜರವನ್ನು ಹಿಂದಕ್ಕೆ ತಳ್ಳಲು ನಿಲ್ಲುವ ಭಾಗವಿದೆ. ನಿಮಿಷ ಹೆಚ್ಚಿದ್ದರೆ ಅಲ್ಲಿಗೆ ಹಾಕಿ. ಮೊದಲು ಕೈ ಹಚ್ಚಿದವರು ಯಾರು, ಮನೆಯವರನ್ನು ಬಿಟ್ಟು ಬರಲು ಹಿಂಜರಿದವರು ಯಾರು, ಕೊನೆಗೆ ಬಂದವರು ಯಾರು? ಅದನ್ನು ಬರೆದರೆ ಮೂರು ನಿಮಿಷವೂ ಭಾರವಾಗುವುದಿಲ್ಲ.

ಇಡೀ ಆರ್ಕಿಗೂ (ಕಥಾಭಾಗಕ್ಕೂ) ಇದೇ ಕ್ರಮ ನಡೆಯುತ್ತದೆ. ಎಪಿಸೋಡಿಗೊಂದು ಚಾಪ್ಟರ್ ಎಂದು ಹರಿದು ಹಂಚಬಾರದು. ಎಂಟರಿಂದ ಹತ್ತು ಚಾಪ್ಟರುಗಳನ್ನು ಒಟ್ಟಿಗೆ ಮುಂದಿಟ್ಟುಕೊಂಡು ಪ್ರತಿ ದೃಶ್ಯಕ್ಕೂ ಒಂದು ಚೀಟಿ ಬರೆಯಬೇಕು: ಇದರಲ್ಲಿ ಯಾರ ಸ್ಥಿತಿ ಬದಲಾಯಿತು, ಯಾರಿಗೆ ಹೊಸದೇನು ತಿಳಿಯಿತು? ಉತ್ತರವಿಲ್ಲದ ಚೀಟಿಯನ್ನು ಪಕ್ಕದ ದೃಶ್ಯದೊಳಗೆ ಸೇರಿಸಿ. ಆಮೇಲೆ ಚೀಟಿಗಳನ್ನು ಎಪಿಸೋಡುಗಳಿಗೆ ಹಂಚಿ, ಒಂದೊಂದರಲ್ಲೂ ಒಂದು ಬದಲಾವಣೆಯಾದರೂ ಶುರುವಾಗಿ ಮುಗಿಯುವ ಹಾಗೆ. ಎತ್ತಿದ ಮುಷ್ಟಿಯನ್ನು ಗಾಳಿಯಲ್ಲಿ ನಿಲ್ಲಿಸಿ ವಾರ ಮುಗಿಸಿದರೆ ಮುಂದಿನ ವಾರ ಮೂರು ನಿಮಿಷ ಮರುನೋಟ ಬೇಕಾಗುತ್ತದೆ. ಒಬ್ಬ ಪಾತ್ರ ತೆಗೆದುಕೊಂಡ ನಿರ್ಧಾರದ ಮೇಲೆ ಮುಗಿಸಿದರೆ ಇಪ್ಪತ್ತು ಸೆಕೆಂಡ್ ಸಾಕು.

ಬೆಚ್ಚಿದ ಮುಖಗಳ ವಿಷಯಕ್ಕೂ ಕಟ್ಟುನಿಟ್ಟು ಬೇಕು. ಒಂದು ಏಟು ಬಿದ್ದಾಗ ಸುತ್ತ ನಿಂತ ಆರು ಜನರನ್ನು ಸರದಿಯಲ್ಲಿ ತೋರಿಸಿ, ಆರು ಜನರ ಬಾಯಲ್ಲೂ ಲುಫಿಯ ಹೆಸರನ್ನೇ ಕೂಗಿಸುವುದು ಈ ಸರಣಿಯ ಅತಿ ಕೆಟ್ಟ ಚಟ. ನೋಡಿದವರು ಅದರಿಂದ ಏನನ್ನಾದರೂ ಮಾಡಲು ಹೊರಟರೆ ಮಾತ್ರ ಆ ಮುಖ ಇರಲಿ. ಫ್ಲ್ಯಾಶ್‌ಬ್ಯಾಕಿಗೂ ಅಷ್ಟೇ. ಎರಡನೇ ಸಲ ತೋರಿಸುವುದಾದರೆ ಮೊದಲ ಸಲ ಕಾಣದಿದ್ದ ಕೋನ ಒಂದಾದರೂ ಅದರಲ್ಲಿರಬೇಕು.

ಒಂದು ಚಾಪ್ಟರಿಗೆ ಒಂದು ಎಪಿಸೋಡ್ ಕೊಟ್ಟೂ ಗೆಲ್ಲಬಹುದು ಎನ್ನುವುದಕ್ಕೆ 1015ನೇ ಎಪಿಸೋಡ್ ನೋಡಿ. ಮೆಗುಮಿ ಇಶಿತಾನಿ ನಿರ್ದೇಶಿಸಿದ್ದು, ಮಾಂಗಾದ 1000ನೇ ಚಾಪ್ಟರ್. ಲುಫಿ ವೈರಿ ಕೈಡೊನ ದ್ವೀಪಕೋಟೆ ಒನಿಗಶಿಮಾದ ಮಾಳಿಗೆ ಮುಟ್ಟುತ್ತಾನೆ, ಬಿದ್ದ ಸಮುರಾಯ್‌ಗಳನ್ನು ಕಾಣುತ್ತಾನೆ, ಕೈಡೊಗೆ ಹೊಡೆಯುತ್ತಾನೆ. ಇತ್ತ ಕೈಡೊನ ಮಗಳು ಯಾಮಾಟೊ, ಹಿಂದೆ ಏಸ್ ತನ್ನ ತಮ್ಮ ಲುಫಿಯ ಕನಸಿನ ಬಗ್ಗೆ ಹೇಳಿದ್ದನ್ನು ನೆನೆಯುತ್ತಾಳೆ. ಇಷ್ಟೇ ಘಟನೆ. ಸಿಕ್ಕ ನಿಮಿಷಗಳು ಏಟಿಗೆ ಹೋಗಿಲ್ಲ, ಆ ಏಟಿಗೆ ತೂಕ ತರುವ ನೆನಪಿಗೆ ಹೋಗಿವೆ. ಮಾಂಗಾದಲ್ಲಿ ಕೆಲವೇ ಚೌಕಗಳಲ್ಲಿ ಮುಗಿದ ಮಾತುಕತೆಗೆ ಇಲ್ಲಿ ಉಸಿರಾಡಲು ಜಾಗ ಸಿಕ್ಕಿದೆ. ಹಿಗ್ಗಿಸುವುದೆಂದರೆ ಇದು.

ಮೌನಕ್ಕೂ ನಿಮಿಷ ಕೊಡಬೇಕು, ಆದರೆ ಅದನ್ನು ಮೊದಲೇ ಸಂಪಾದಿಸಿರಬೇಕು. 37ನೇ ಎಪಿಸೋಡಿನಲ್ಲಿ ನಾಮಿ, ತನ್ನ ಊರನ್ನು ಹಿಡಿದಿಟ್ಟ ಕಡಲ್ಗಳ್ಳ ಆರ್ಲಾಂಗ್‌ನ ಹಚ್ಚೆಯಿರುವ ತನ್ನ ತೋಳಿಗೆ ತಾನೇ ಚುಚ್ಚಿಕೊಳ್ಳುತ್ತಾಳೆ, ಲುಫಿ ಕೈ ಹಿಡಿಯುತ್ತಾನೆ, ಕೊನೆಗೆ ಅವಳ ಬಾಯಿಂದ ಸಹಾಯ ಕೇಳುವ ಮಾತು ಬರುತ್ತದೆ. ಅವನು ಟೋಪಿಯನ್ನು ಅವಳ ತಲೆಗಿಟ್ಟು ಹೊರಟುಬಿಡುತ್ತಾನೆ. ಝೋರೊ, ಸಾಂಜಿ, ಉಸೋಪ್ ಜೊತೆಗೂಡುತ್ತಾರೆ. ಯಾರೂ ಏನನ್ನೂ ವಿವರಿಸುವುದಿಲ್ಲ. ಆ ಟೋಪಿ ಅವನ ಪ್ರಾಣ ಎಂಬುದನ್ನು ಬಗ್ಗಿ ಎಂಬ ಕಡಲ್ಗಳ್ಳನ ಭಾಗದಲ್ಲೇ ಸ್ಥಾಪಿಸಿದ್ದರು, ಹರಿದ ಅದೇ ಟೋಪಿಯನ್ನು ಹೊಲಿದುಕೊಟ್ಟವಳೂ ನಾಮಿಯೇ. ಎಷ್ಟೋ ಎಪಿಸೋಡ್ ಹಿಂದೆ ಬಿತ್ತಿದ್ದರಿಂದ ಇಲ್ಲಿ ಮಾತು ಬೇಕಾಗಲಿಲ್ಲ. ಈಗಿನ ಶೈಲಿಯಲ್ಲಿ ಬರೆದರೆ ಟೋಪಿ ಇಡುವ ಹೊತ್ತಿಗೆ ಎರಡು ಫ್ಲ್ಯಾಶ್‌ಬ್ಯಾಕ್ ತುರುಕುತ್ತಾರೆ, ದೃಶ್ಯ ಅಲ್ಲೇ ಸಾಯುತ್ತದೆ.

ಒನಿಗಶಿಮಾ ಯುದ್ಧದ ತೊಂದರೆ ಬೇರೆ. ಕೋಟೆಯ ಹಲವು ಮಹಡಿಗಳಲ್ಲಿ ಏಕಕಾಲಕ್ಕೆ ಕಾಳಗ. ಮಾಂಗಾ ವಾರಕ್ಕೆ 17 ಪುಟದಲ್ಲಿ ಎಲ್ಲರನ್ನೂ ಜೀವಂತವಾಗಿಡಬೇಕು, ಹಾಗಾಗಿ ಅಲ್ಲಿಂದಿಲ್ಲಿಗೆ ಹಾರುತ್ತದೆ. ಅನಿಮೆ ಆ ಹಾರಾಟವನ್ನು ಹಾಗೇ ನಕಲು ಮಾಡಬೇಕಿರಲಿಲ್ಲ. ಎಪಿಸೋಡಿಗೆ ಎರಡು ಕಾಳಗ, ಹೆಚ್ಚೆಂದರೆ ಮೂರು. ಉಳಿದವನ್ನು ತಡೆಹಿಡಿದು ಒಟ್ಟಾಗಿ ಕೊಡಿ. ಇಲ್ಲೊಂದು ಎಚ್ಚರ: ಜಾಗ ಬದಲಿಸುವಾಗ ಯಾರಿಗೆ ಯಾವ ಸುದ್ದಿ ಯಾವಾಗ ತಲುಪಿತು ಎಂಬ ಪಟ್ಟಿ ಇಟ್ಟುಕೊಳ್ಳದಿದ್ದರೆ, ಇನ್ನೂ ನಡೆಯದ ಸೋಲನ್ನು ಯಾರೋ ಮಾತಾಡಿಬಿಡುತ್ತಾರೆ.

ಫಿಲ್ಲರ್, ಅಂದರೆ ಅನಿಮೆಯವರೇ ಸೇರಿಸಿದ ಕಥೆ, ಅಂದಾಕ್ಷಣ ಮೂಗು ಮುರಿಯುವವರಿಗೆ ನಾನು ತೋರಿಸುವುದು ಜಿ-8, ಅಂದರೆ 196ರಿಂದ 206ರವರೆಗಿನ ಎಪಿಸೋಡುಗಳು. ಮಾಂಗಾದಲ್ಲಿ ಇಲ್ಲವೇ ಇಲ್ಲ. ಆಕಾಶದ್ವೀಪ ಸ್ಕೈಪಿಯಾದಿಂದ ಇಳಿದ ಹಡಗು ನೇರ ನೌಕಾಸೇನೆಯ ಕೋಟೆಯೊಳಗೆ ಬೀಳುತ್ತದೆ, ಹಡಗನ್ನೂ ಚಿನ್ನವನ್ನೂ ಬಿಡಿಸಿಕೊಂಡು ಹೊರಬೀಳಬೇಕು. ಜಾಗ ಒಂದೇ, ಗುರಿ ಸ್ಪಷ್ಟ, ತಂಡದ ಒಬ್ಬೊಬ್ಬರಿಗೂ ಅವರವರ ಕಸುಬಿಗೆ ಹೊಂದುವ ಕೆಲಸ. ಎದುರಾಳಿ ಜೊನಾಥನ್ ಬಲಕ್ಕಿಂತ ತಲೆ ಓಡಿಸುವವನು, ಹಾಗಾಗಿ ಲುಫಿಯ ಮುಷ್ಟಿಯಿಂದ ಎಲ್ಲ ಬಗೆಹರಿಯುವುದಿಲ್ಲ. ಮೂಲಕಥೆಯ ಒಂದು ಎಳೆಯೂ ಕದಲುವುದಿಲ್ಲ. ಮೂಲಕಥೆಯನ್ನು ಹಿಂಜುವ ಬದಲು ವರ್ಷಕ್ಕೆ ಇಂಥ ಹತ್ತು ಎಪಿಸೋಡ್ ಹಾಕಿದ್ದರೆ ಡ್ರೆಸ್‌ರೋಸಾ ಎಷ್ಟೋ ಬಿಗಿಯಾಗಿರುತ್ತಿತ್ತು. 2024ರ ಅಕ್ಟೋಬರ್‌ನ ವಿಶೇಷ ಎಪಿಸೋಡ್ ಫ್ಯಾನ್ ಲೆಟರ್ ಇನ್ನೊಂದು ದಾರಿ ತೋರಿಸಿತು: ಸಬಾಓಡಿ ದ್ವೀಪಸಮೂಹದಲ್ಲಿ ತಂಡ ಮತ್ತೆ ಸೇರುವ ಗೊತ್ತಿರುವ ಘಟನೆ, ಆದರೆ ನಾಮಿಗೆ ಪತ್ರ ಮುಟ್ಟಿಸಬೇಕೆಂದಿರುವ ಹುಡುಗಿಯ ಕಣ್ಣಿನಿಂದ.

ಕತ್ತರಿಯೊಂದರಿಂದಲೇ ಎಲ್ಲ ಸರಿಹೋಗದು. ಫಿಶ್‌ಮ್ಯಾನ್ ಐಲ್ಯಾಂಡ್ ಕಥಾಭಾಗವನ್ನು ಅನಿಮೆ ತಯಾರಿಸುವ ತೋಯೆ ಸಂಸ್ಥೆ ಮರುಸಂಕಲನ ಮಾಡಿ, ಐವತ್ತಕ್ಕೂ ಹೆಚ್ಚು ಎಪಿಸೋಡುಗಳಿದ್ದದ್ದನ್ನು 21ಕ್ಕೆ ಇಳಿಸಿತು. ಓಟ ಬಂತು. ಆದರೆ ಹಾಗೆ ಕತ್ತರಿಸುವಾಗ ಮೊದಲು ಬಲಿಯಾಗುವುದು ಹಡಗಿನ ಮೇಲಿನ ಊಟ, ಜಗಳ, ತಮಾಷೆ. ಒನ್ ಪೀಸಿನ ಜೀವ ಅಲ್ಲೇ ಇರುವುದು. ಚಿತ್ರಕಥೆಯ ಹಂತದಲ್ಲೇ ಅವುಗಳಿಗೆ ಎಪಿಸೋಡಿಗೆ ಎರಡು ನಿಮಿಷ ಮೀಸಲಿಡಬೇಕು.

2026ರಿಂದ ವರ್ಷಕ್ಕೆ ಗರಿಷ್ಠ 26 ಎಪಿಸೋಡ್, ಎರಡು ಭಾಗಗಳಲ್ಲಿ ಎಂದು 2025ರ ಅಕ್ಟೋಬರ್‌ನಲ್ಲಿ ಘೋಷಿಸಿದರು. ಚಾಪ್ಟರುಗಳ ಲೆಕ್ಕಕ್ಕೆ ಇದು ಸಲೀಸಾಗಿ ಹೊಂದುತ್ತದೆ, ಮಾಂಗಾವನ್ನು ಹಿಂದಿಕ್ಕುವ ಭಯ ಹೋಗುತ್ತದೆ. ಆದರೆ ಎಪಿಸೋಡಿಗೊಂದು ಚಾಪ್ಟರ್ ಎಂದು ಇಟ್ಟುಕೊಂಡರೆ ಪುಟಕ್ಕೊಂದು ನಿಮಿಷದ ಹಳೇ ಲೆಕ್ಕ ಹಾಗೇ ಉಳಿಯುತ್ತದೆ. ಬಿಡುವಿನ ತಿಂಗಳುಗಳೆಲ್ಲ ಕಾಳಗದ ಚಿತ್ರಗಳಿಗೇ ಹೋಗಿ, ಚೀಟಿ ಬರೆಯುವ ಕೆಲಸಕ್ಕೆ ಮೊದಲಿನ ಎರಡು ವಾರವೂ ಸಿಗದಿದ್ದರೆ, ಅದೇ ಬೆಚ್ಚಿದ ಮುಖಗಳನ್ನು ಇನ್ನೂ ಚೆಂದವಾಗಿ ಬಿಡಿಸಿ ತೋರಿಸುತ್ತಾರೆ.