41 ಪದಕವೋ, 39 ಪದಕವೋ? ಒಲಿಂಪಿಕ್ಸ್ ಮತ್ತು ಭಾರತದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಪ್ಯಾರಿಸ್ 2024ರ ತನಕ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದ ಪದಕ 41 ಅಂತ ಒಂದು ಕಡೆ ಓದಿದೆ. ಇನ್ನೊಂದು ಕಡೆ 39 ಅಂತ ಇತ್ತು. ಆ ಎರಡು ಪದಕ ಎಲ್ಲಿ ಹೋದವು? (ಹಾವೇರಿಯ ಓದುಗರು)

ಉತ್ತರ: ಆ ಎರಡೂ ನಾರ್ಮನ್ ಪ್ರಿಚರ್ಡ್ ಅವರವು. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಓಟ ಮತ್ತು 200 ಮೀಟರ್ ಹರ್ಡಲ್ಸ್ ಎರಡರಲ್ಲೂ ಅವರಿಗೆ ಬೆಳ್ಳಿ. ಹುಟ್ಟಿದ್ದು ಕಲ್ಕತ್ತದಲ್ಲಿ, ಮನೆತನ ಇಂಗ್ಲಿಷರದು. ಇಂಗ್ಲೆಂಡಿಗೆ ಹೋಗಿದ್ದಾಗ ಅಲ್ಲಿನ ಸ್ಪರ್ಧೆಯಲ್ಲಿ ಓಡಿ, ಅಲ್ಲಿಂದ ಪ್ಯಾರಿಸ್‌ಗೆ ಹೋದವರು. ಅವರನ್ನು ಭಾರತ ಕಳಿಸಿರಲಿಲ್ಲ. ದೇಶದ ಹೆಸರಲ್ಲಿ ತಂಡ ಕಟ್ಟಿ ಕಳಿಸುವ ಪದ್ಧತಿಯೇ ಆಗ ಗಟ್ಟಿಯಾಗಿರಲಿಲ್ಲ. ಮುಂದೆ ಅವರು ನಾರ್ಮನ್ ಟ್ರೆವರ್ ಅನ್ನೋ ಹೆಸರಲ್ಲಿ ಹಾಲಿವುಡ್‌ನ ಮೂಕಿ ಚಿತ್ರಗಳಲ್ಲಿ ನಟಿಸಿದರು!

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಆ ಎರಡು ಬೆಳ್ಳಿಯನ್ನು ಭಾರತದ ಖಾತೆಗೇ ಹಾಕಿದೆ. ಅಥ್ಲೆಟಿಕ್ಸ್‌ನ ವಿಶ್ವ ಸಂಸ್ಥೆ ಮಾತ್ರ ತನ್ನ ದಾಖಲೆಯಲ್ಲಿ ಅವರನ್ನು ಬ್ರಿಟನ್ ಓಟಗಾರ ಅಂದಿದೆ. ಪಟ್ಟಿ ಒಲಿಂಪಿಕ್ ಸಮಿತಿಯದ್ದೇ ಆದ್ದರಿಂದ 41 ಅಂದರೆ ತಪ್ಪಿಲ್ಲ: 10 ಚಿನ್ನ, 10 ಬೆಳ್ಳಿ, 21 ಕಂಚು. ಆದರೆ ಭಾರತದವರು ಮುತುವರ್ಜಿ ವಹಿಸಿ ಒಲಿಂಪಿಕ್ಸ್‌ಗೆ ಜನ ಕಳಿಸಿದ್ದು ಯಾವಾಗ ಅಂತ ಕೇಳಿದರೆ ನಾನು 1920 ಅಂತಲೇ ಹೇಳುತ್ತೇನೆ. ಮುಂದಿನ ಪ್ರಶ್ನೆ ಅದಕ್ಕೇ ಸಂಬಂಧಿಸಿದ್ದು.

ಪ್ರಶ್ನೆ: ನಮ್ಮ ಕರ್ನಾಟಕದ ಕಡೆಯಿಂದ ಒಲಿಂಪಿಕ್ಸ್‌ಗೆ ಮೊದಮೊದಲು ಹೋದವರು ಯಾರು? (ಬೈಲಹೊಂಗಲದ ಓದುಗರು)

ಉತ್ತರ: ನಿಮ್ಮ ಜಿಲ್ಲೆಯವರೇ. ಬೆಳಗಾವಿಯ ಫಡೆಪ್ಪ ಚೌಗುಲೆ. 1920ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಮ್ಯಾರಥಾನ್ ಓಡಿ 19ನೇ ಸ್ಥಾನ ಪಡೆದರು. ಅವತ್ತಿನ ದಾರಿ ಇವತ್ತಿನ ಮ್ಯಾರಥಾನ್‌ಗಿಂತ ಅರ್ಧ ಕಿಲೋಮೀಟರ್ ಜಾಸ್ತಿಯೇ ಇತ್ತು. ಅದನ್ನು ಅವರು 2 ಗಂಟೆ 50 ನಿಮಿಷದಲ್ಲಿ ಮುಗಿಸಿದರು. ಆಗ ಬೆಳಗಾವಿ ಮುಂಬೈ ಪ್ರಾಂತ್ಯದಲ್ಲಿತ್ತು.

ಅವರು ಅಲ್ಲಿಗೆ ಹೋಗಿದ್ದು ಉದ್ಯಮಿ ದೊರಾಬ್ಜಿ ಟಾಟಾ ಅವರಿಂದಾಗಿ. ಪುಣೆಯ ಡೆಕ್ಕನ್ ಜಿಮ್ಖಾನಾ ಅನ್ನೋ ಕ್ರೀಡಾ ಸಂಸ್ಥೆಗೆ ದೊರಾಬ್ಜಿ ಅಧ್ಯಕ್ಷರಾಗಿದ್ದರು. ಅಲ್ಲಿನ ಕ್ರೀಡಾಕೂಟದಲ್ಲಿ ಹಳ್ಳಿಯ ಹುಡುಗರು ಬರಿಗಾಲಲ್ಲಿ ದೂರದ ಓಟ ಓಡುವುದನ್ನು ಕಂಡು, ಇವರು ಯುರೋಪಿನವರಿಗೇನೂ ಕಮ್ಮಿ ಇಲ್ಲ ಅಂತ ಅವರಿಗೆ ಅನ್ನಿಸಿತು. ಮುಂಬೈ ಗವರ್ನರ್ ಲಾರ್ಡ್ ಲಾಯ್ಡ್ ಅವರನ್ನು ಒಪ್ಪಿಸಿ, ತಮ್ಮ ಕೈಯಿಂದಲೂ ದುಡ್ಡು ಹಾಕಿ, ನಾಲ್ವರು ಓಟಗಾರರು ಮತ್ತು ಇಬ್ಬರು ಪೈಲ್ವಾನರನ್ನು ಹಡಗು ಹತ್ತಿಸಿದರು. 100 ಮೀಟರ್ ಓಡೋಕೆ ಎಷ್ಟು ಹೊತ್ತು ಬೇಕು ಅಂತ ಕೇಳಿದರೆ, ಆಯ್ಕೆ ಸಮಿತಿಯ ಒಬ್ಬರು ಅರ್ಧ ನಿಮಿಷವೋ ಒಂದು ನಿಮಿಷವೋ ಅಂದರಂತೆ. ಆಯ್ಕೆ ಮಾಡುವವರ ತಿಳಿವಳಿಕೆ ಆ ಮಟ್ಟದಲ್ಲಿತ್ತು. ಅಂಥ ಸ್ಥಿತಿಯಲ್ಲೂ ಆ ತಂಡದ ಪೈಲ್ವಾನ್ ರಣಧೀರ್ ಶಿಂದೆ ಕುಸ್ತಿಯಲ್ಲಿ ನಾಲ್ಕನೆಯವರಾದರು.

ಪ್ರಶ್ನೆ: ಹಾಕಿಯಲ್ಲಿ 8 ಚಿನ್ನ ಗೆದ್ದ ದೇಶ ಆಮೇಲೆ ಹಾಗೆ ಕುಸಿಯಲು ಕೃತಕ ಹುಲ್ಲೇ ಕಾರಣ ಅಂತ ನಮ್ಮ ತಂದೆ ಹೇಳುತ್ತಿದ್ದರು. ನಿಜವಾ? (ಮಡಿಕೇರಿಯ ಓದುಗರು)

ಉತ್ತರ: ನಿಮ್ಮ ತಂದೆಯವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಒಲಿಂಪಿಕ್ ಹಾಕಿ ಮೊದಲ ಸಲ ಕೃತಕ ಹುಲ್ಲಿನ ಮೇಲೆ ನಡೆಯಿತು. ಭಾರತ 7ನೇ ಸ್ಥಾನಕ್ಕೆ ಇಳಿಯಿತು. ಚೆಂಡನ್ನು ಕೋಲಿಗೆ ಅಂಟಿಸಿಕೊಂಡು ಒಬ್ಬೊಬ್ಬರನ್ನೇ ದಾಟಿಸಿ ಹೋಗುವುದು ನಮ್ಮವರ ಆಟ. ಹೊಸ ಮೈದಾನದಲ್ಲಿ ಚೆಂಡು ವೇಗವಾಗಿ, ನೇರವಾಗಿ ಓಡುತ್ತದೆ. ಅಲ್ಲಿ ದೂರದ ಪಾಸ್, ದಮ್ಮು, ಓಟ ಇವೇ ಮುಖ್ಯವಾದವು. ಇಂಥ ಮೈದಾನ ಹಾಕೋಕೆ ಖರ್ಚೂ ಜಾಸ್ತಿ. ನಮ್ಮ ಹುಡುಗರು ಮಣ್ಣು, ಹುಲ್ಲಿನ ಮೇಲೇ ಆಡಿ ಬೆಳೆದು, ದೊಡ್ಡವರಾದ ಮೇಲೆ ಇದರ ಮೇಲೆ ಕಾಲಿಟ್ಟರು.

ಆದರೆ ಕುಸಿತ ಶುರುವಾಗಿದ್ದು ಅದಕ್ಕೂ ಮೊದಲು. 1960ರ ರೋಮ್ ಫೈನಲ್‌ನಲ್ಲಿ ಪಾಕಿಸ್ತಾನದ ಎದುರು 0-1ರಿಂದ ಸೋತಿದ್ದೆವು. 1968 ಮತ್ತು 1972ರಲ್ಲಿ ಸಿಕ್ಕಿದ್ದು ಕಂಚು. 72ರ ತಂಡದಲ್ಲಿ ನಿಮ್ಮ ಕೊಡಗಿನ ಎಂ.ಪಿ. ಗಣೇಶ್ ಮತ್ತು ಬಿ.ಪಿ. ಗೋವಿಂದ ಇದ್ದರು. ಆ ಎರಡೂ ಸಲ ಆಟ ನಡೆದಿದ್ದು ಮಾಮೂಲಿ ಹುಲ್ಲಿನ ಮೇಲೆಯೇ.

ಹಳೆಯ ಚಿನ್ನಗಳ ಹಿನ್ನೆಲೆಯನ್ನೂ ಸ್ವಲ್ಪ ನೋಡಿ. 1928ರ ಆಂಸ್ಟರ್‌ಡ್ಯಾಮ್‌ನಲ್ಲಿ ಧ್ಯಾನ್‌ಚಂದ್ ಒಬ್ಬರೇ 14 ಗೋಲು ಹೊಡೆದರು, ಭಾರತ ಒಂದೂ ಗೋಲು ಬಿಟ್ಟುಕೊಡಲಿಲ್ಲ. ಅದು ಅದ್ಭುತವೇ. ಆದರೆ 1932ರ ಲಾಸ್ ಏಂಜಲೀಸ್‌ನಲ್ಲಿ ಹಾಕಿ ಆಡಿದ್ದು ಮೂರೇ ದೇಶ. ಅಮೆರಿಕವನ್ನು ನಾವು 24-1ರಿಂದ ಸೋಲಿಸಿದೆವು, ಅಂದರೆ ಎದುರಿಗಿದ್ದವರ ಮಟ್ಟ ಗೊತ್ತಾಗುತ್ತೆ, ಅಲ್ವಾ? ಬ್ರಿಟನ್ ತಂಡ 1928ರಿಂದ 36ರವರೆಗೆ ಒಲಿಂಪಿಕ್ ಹಾಕಿಗೆ ಬರಲೇ ಇಲ್ಲ. ಆಳುವವರ ತಂಡವನ್ನು ಎದುರಿಗೆ ಕಂಡಿದ್ದು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ವೆಂಬ್ಲಿ ಮೈದಾನದಲ್ಲಿ. ಅಷ್ಟೊತ್ತಿಗೆ ಅವರು ಆಳುವವರಾಗಿ ಉಳಿದಿರಲಿಲ್ಲ. 4-0ರಿಂದ ಗೆದ್ದೆವು. ನನ್ನ ಮಟ್ಟಿಗೆ 8ರಲ್ಲಿ ಅದೇ ದೊಡ್ಡ ಚಿನ್ನ. 1980ರ ಮಾಸ್ಕೋ ಚಿನ್ನದ ತಂಡದಲ್ಲೂ ಕೊಡಗಿನ ಎಂ.ಎಂ. ಸೋಮಯ್ಯ ಇದ್ದರು. ಹಲವು ದೇಶಗಳ ಬಹಿಷ್ಕಾರದಿಂದಾಗಿ ಆ ಸಲ ಪುರುಷರ ಹಾಕಿಗೆ ಬಂದಿದ್ದು ಆರೇ ತಂಡ.

ಇನ್ನೊಂದು ಕಾರಣದ ಬಗ್ಗೆ ಮಾತಾಡುವವರು ಕಮ್ಮಿ. ದೇಶ ಇಬ್ಭಾಗವಾದಾಗ ಆಟಗಾರರೂ ಹಂಚಿಹೋದರು. 1928ರ ತಂಡದಲ್ಲಿ ಜಾಸ್ತಿ ಇದ್ದವರು ಆಂಗ್ಲೋ ಇಂಡಿಯನ್ನರು. ಸ್ವಾತಂತ್ರ್ಯ ಬಂದ ಮೇಲೆ ಅವರ ಕುಟುಂಬಗಳು ಒಂದೊಂದಾಗಿ ಹೊರಟವು. ಇಲ್ಲಿಂದ ಹೋದ ಪಿಯರ್ಸ್ ಮನೆತನದ ಐವರು ಅಣ್ಣತಮ್ಮಂದಿರು ಆಸ್ಟ್ರೇಲಿಯಾ ಪರ ಆಡಿದರು. ಅಲ್ಲಿನ ಹಾಕಿ ಬೆಳೆದಿದ್ದರಲ್ಲಿ ನಮ್ಮ ಪಾಲೂ ಇದೆ. 2008ರಲ್ಲಿ ಭಾರತಕ್ಕೆ ಅರ್ಹತೆಯೇ ಸಿಗಲಿಲ್ಲ. ಟೋಕಿಯೊ ಮತ್ತು ಪ್ಯಾರಿಸ್‌ನಲ್ಲಿ ಕಂಚು ಬಂದಿವೆ. ಆ ತಂಡಗಳು ತಯಾರಾದ ಜಾಗ ಬೆಂಗಳೂರಿನಲ್ಲಿರುವ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರ.

ಪ್ರಶ್ನೆ: ಈಗ ಪದಕ ಜಾಸ್ತಿ ಬರಲು ಕಾರಣ ದುಡ್ಡೇನಾ? ಮೊದಲೆಲ್ಲ ಸರ್ಕಾರ ಏನೂ ಕೊಡ್ತಿರಲಿಲ್ವಾ? (ತುಮಕೂರಿನ ಓದುಗರು)

ಉತ್ತರ: ಪೈಲ್ವಾನ್ ಖಾಶಾಬಾ ಜಾಧವ್ ಅವರ ಕಥೆ ಕೇಳಿ. ಸಾತಾರಾ ಜಿಲ್ಲೆಯ ಗೋಳೇಶ್ವರ ಅನ್ನೋ ಹಳ್ಳಿಯವರು. 1948ರಲ್ಲಿ ಕೊಲ್ಹಾಪುರದ ಮಹಾರಾಜರ ನೆರವಿನಿಂದ ಲಂಡನ್‌ಗೆ ಹೋಗಿ ಆರನೆಯವರಾದರು. 1952ರ ಹೆಲ್ಸಿಂಕಿಗೆ ಹೋಗಲು ಊರವರು ಚಂದಾ ಎತ್ತಿದರು. ಅದೂ ಸಾಲದೆ, ಅವರು ಓದಿದ ಕಾಲೇಜಿನ ಪ್ರಿನ್ಸಿಪಾಲರು ತಮ್ಮ ಮನೆ ಅಡವಿಟ್ಟು 7,000 ರೂಪಾಯಿ ಹೊಂದಿಸಿದರು. ಸ್ವತಂತ್ರ ಭಾರತಕ್ಕೆ ಒಬ್ಬ ವ್ಯಕ್ತಿ ಗೆದ್ದುಕೊಟ್ಟ ಮೊದಲ ಪದಕ ಬಂದಿದ್ದು ಹೀಗೆ. ಎತ್ತಿನ ಗಾಡಿಗಳ ಮೆರವಣಿಗೆಯಲ್ಲಿ ಅವರನ್ನು ಊರಿಗೆ ಕರೆತಂದರು. ಅರ್ಜುನ ಪ್ರಶಸ್ತಿ ಬಂದಿದ್ದು ಮಾತ್ರ ಅವರು ತೀರಿಕೊಂಡ ಮೇಲೆ. ಒಬ್ಬರೇ ಆಡಿ ಗೆದ್ದ ಇನ್ನೊಂದು ಪದಕಕ್ಕೆ 1996ರ ಲಿಯಾಂಡರ್ ಪೇಸ್ ತನಕ, ಅಂದರೆ 44 ವರ್ಷ ಕಾಯಬೇಕಾಯಿತು.

ಈಗ ಸ್ಥಿತಿ ಬದಲಾಗಿದೆ. 2014ರಲ್ಲಿ ಶುರುವಾದ, ಪದಕದ ಭರವಸೆ ಇರುವವರಿಗೆ ಕೇಂದ್ರ ಸರ್ಕಾರ ನೆರವು ಕೊಡುವ ಟಾಪ್ಸ್ ಯೋಜನೆಯಲ್ಲಿ ಕೋಚ್, ವಿದೇಶ ತರಬೇತಿಯ ಖರ್ಚಿನ ಜೊತೆಗೆ ತಿಂಗಳಿಗೆ 50,000 ರೂಪಾಯಿ ಭತ್ಯೆಯೂ ಇದೆ. ಗೀತ್ ಸೇಠಿ ಮತ್ತು ನಮ್ಮ ಪ್ರಕಾಶ್ ಪಡುಕೋಣೆ ಸೇರಿ ಹುಟ್ಟುಹಾಕಿದ, ಆಟಗಾರರಿಗೆ ನೆರವಾಗುವ ಒಲಿಂಪಿಕ್ ಗೋಲ್ಡ್ ಕ್ವೆಸ್ಟ್ ಸಂಸ್ಥೆ ಇದೆ. ಬಳ್ಳಾರಿ ಸೀಮೆಯ ವಿಜಯನಗರದಲ್ಲಿ ಖಾಸಗಿಯವರು ಕಟ್ಟಿದ ದೊಡ್ಡ ತರಬೇತಿ ಕೇಂದ್ರವೂ ಇದೆ.

ಹಾಗಂತ ದುಡ್ಡು ಸುರಿದಷ್ಟೂ ಪದಕ ಬರುತ್ತೆ ಅಂತಲ್ಲ. ಟಾಪ್ಸ್ ಬಂದ ಮೇಲೂ 2016ರ ರಿಯೋದಲ್ಲಿ ಸಿಕ್ಕಿದ್ದು ಎರಡೇ. ಪ್ಯಾರಿಸ್‌ನಲ್ಲಿ ಆರು ಪದಕ ಬಂದವು, ಜೊತೆಗೆ ಆರು ನಾಲ್ಕನೇ ಸ್ಥಾನಗಳೂ! ಬ್ಯಾಡ್ಮಿಂಟನ್‌ನಲ್ಲಿ ಲಕ್ಷ್ಯ ಸೇನ್ ಕಂಚು ಕಳೆದುಕೊಂಡ ಮೇಲೆ ಅವರ ಗುರು ಪಡುಕೋಣೆಯವರೇ, ಆಟಗಾರರು ಕೂಡ ಇನ್ನು ಜವಾಬ್ದಾರಿ ಹೊರಬೇಕು ಅಂತ ಬಹಿರಂಗವಾಗಿ ಹೇಳಿದರು. ಕೆಲವರಿಗೆ ಕಹಿ ಅನ್ನಿಸಿತು. ನನಗೆ ಅದು ಸರಿ ಅನ್ನಿಸಿತು.

ಪ್ರಶ್ನೆ: ಚಳಿಗಾಲದ ಒಲಿಂಪಿಕ್ಸ್‌ಗೆ ನಮ್ಮವರು ಹೋಗ್ತಾರಾ? (ಪುತ್ತೂರಿನ ವಿದ್ಯಾರ್ಥಿನಿ)

ಉತ್ತರ: ಹೋಗುತ್ತಾರಮ್ಮ, 1964ರಿಂದ. ಆದರೆ 2022ರ ಬೀಜಿಂಗ್ ತನಕ ಒಂದೂ ಪದಕ ಬಂದಿಲ್ಲ. ಹಿಮಾಚಲದ ಶಿವ ಕೇಶವನ್ 1998ರಿಂದ 2018ರವರೆಗೆ ಆರು ಸಲ ಲೂಜ್‌ನಲ್ಲಿ ಸ್ಪರ್ಧಿಸಿದರು. ಮಂಜುಗಡ್ಡೆಯ ದಾರಿಯಲ್ಲಿ ಅಂಗಾತ ಮಲಗಿ ಜಾರುವ ಸ್ಪರ್ಧೆ ಅದು. ಇಲ್ಲಿ ಅಂಥ ದಾರಿ ಇಲ್ಲದ್ದರಿಂದ ಜಾರುಬಂಡಿಗೆ ಚಕ್ರ ಹಾಕಿಕೊಂಡು ಹಿಮಾಲಯದ ರಸ್ತೆಗಳಲ್ಲಿ, ವಾಹನಗಳ ನಡುವೆಯೇ ಅಭ್ಯಾಸ ಮಾಡುತ್ತಿದ್ದರು. 2014ರ ಸೋಚಿಯಲ್ಲಿ ಅವರು ತ್ರಿವರ್ಣದ ಕೆಳಗೆ ಸ್ಪರ್ಧಿಸಲು ಆಗಲಿಲ್ಲ, ಒಲಿಂಪಿಕ್ ಧ್ವಜದ ಕೆಳಗೆ ಇಳಿಯಬೇಕಾಯಿತು. ಚುನಾವಣೆಯ ಗೊಂದಲಕ್ಕೆ ಭಾರತೀಯ ಒಲಿಂಪಿಕ್ ಸಂಸ್ಥೆಯೇ ಆಗ ಅಮಾನತಿನಲ್ಲಿತ್ತು. ಕೂಟದ ನಡುವೆ ಅಮಾನತು ತೆರವಾಗಿ ನಮ್ಮ ಬಾವುಟ ಏರಿತು. ಆ ಹೊತ್ತಿಗೆ ಕೇಶವನ್ ಅವರ ಸ್ಪರ್ಧೆ ಮುಗಿದುಹೋಗಿತ್ತು.