ಗಲ್ಲಾದ ಹಣಕ್ಕೆ ಶೇಕಡಾ 78ರ ತೆರಿಗೆ

ಓದುಗರ ಪತ್ರದ ಸಾರ: ಡೊಂಬಿವಲಿ ಸ್ಟೇಷನ್ ಹತ್ತಿರ ನನ್ನದೊಂದು ಚಿಕ್ಕ ಇಡ್ಲಿ-ವಡೆ ಅಂಗಡಿ. ಬೇರೆ ಆದಾಯವಿಲ್ಲ. 2019-20ರಲ್ಲಿ ಉಳಿತಾಯ ಖಾತೆಗೆ ಒಟ್ಟು 12,40,000 ರೂ. ನಗದು ಜಮೆ ಮಾಡಿದ್ದೆ, ರಿಟರ್ನ್ ತುಂಬಿರಲಿಲ್ಲ. ಮಾರ್ಚ್ 2025ರಲ್ಲಿ ಆದಾಯ ತೆರಿಗೆ ಇಲಾಖೆಯವರು ಅಷ್ಟನ್ನೂ 'ವಿವರಣೆಯಿಲ್ಲದ ಹಣ' ಎಂದು ಆದೇಶ ಮಾಡಿದ್ದಾರೆ. ಬಡ್ಡಿ ಬಿಟ್ಟು ತೆರಿಗೆಯೇ 9,67,200 ರೂ. ನೋಟಿಸುಗಳೆಲ್ಲ ಹಿಂದೊಮ್ಮೆ ಸಾಲಕ್ಕಾಗಿ ರಿಟರ್ನ್ ತುಂಬಿಸಿದ ಏಜೆಂಟರ ಇಮೇಲಿಗೆ ಹೋಗಿದ್ದವು. ಆರು ತಿಂಗಳ ಮೇಲೆ ಮಗ ಪೋರ್ಟಲ್ ತೆರೆದಾಗಲೇ ನನಗೆ ಗೊತ್ತಾದದ್ದು. ಅಂಗಡಿ ಮಾರಿದರೂ ಇಷ್ಟು ದುಡ್ಡು ಹುಟ್ಟುವುದಿಲ್ಲ. ಏನು ಮಾಡಲಿ?

ಸಂಪಾದಕರ ಉತ್ತರ:

ಅಂಗಡಿ ಮಾರಬೇಡಿ. ಪೋರ್ಟಲ್‌ನಲ್ಲಿ 'ಡಿಮ್ಯಾಂಡ್ ಸರಿಯಾಗಿದೆ' ಎಂಬುದನ್ನೂ ಒತ್ತಬೇಡಿ. ಅದನ್ನೊಮ್ಮೆ ಒತ್ತಿದರೆ ಅಲ್ಲಿ ಮತ್ತೆ 'ಒಪ್ಪುವುದಿಲ್ಲ' ಎನ್ನಲು ಬರುವುದಿಲ್ಲ.

ಈ ಮೊತ್ತ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡಿ. ಉಳಿತಾಯ ಖಾತೆಗೆ ವರ್ಷಕ್ಕೆ 10 ಲಕ್ಷ ಅಥವಾ ಹೆಚ್ಚು ನಗದು ಬಿದ್ದರೆ ಬ್ಯಾಂಕು ಇಲಾಖೆಗೆ ತಿಳಿಸಲೇಬೇಕು. ಹಾಗೆ ನೋಟಿಸು ಹುಟ್ಟಿತು. ನಿಮ್ಮಿಂದ ಉತ್ತರ ಬರಲಿಲ್ಲ, ಅಧಿಕಾರಿ ಸೆಕ್ಷನ್ 144ರಡಿ ತಮಗೆ ತೋಚಿದಂತೆ ಲೆಕ್ಕ ಕಟ್ಟಿದರು. ಜಮೆಯನ್ನೆಲ್ಲ 'ವಿವರಣೆಯಿಲ್ಲದ ಹಣ'ದ 69ಎ ಸೆಕ್ಷನ್ನಿಗೆ ಸೇರಿಸಿ, ಅಂಥ ಹಣಕ್ಕಿರುವ 115ಬಿಬಿಇ ಸೆಕ್ಷನ್ನಿನ ದರ ಹಾಕಿದರು: ತೆರಿಗೆ ಶೇ. 60, ಅದರ ಮೇಲೆ ಶೇ. 25 ಸರ್‌ಚಾರ್ಜ್, ಎರಡರ ಮೇಲೆ ಶೇ. 4 ಸೆಸ್. ಒಟ್ಟು ಶೇ. 78. ಇಲ್ಲಿ ಖರ್ಚು ಕಳೆಯುವಂತಿಲ್ಲ, 2.5 ಲಕ್ಷದ ವಿನಾಯಿತಿಯೂ ಸಿಗುವುದಿಲ್ಲ.

ಇದೇ ಹಣವನ್ನು ಅಂಗಡಿಯ ವ್ಯಾಪಾರ ಎಂದು ನೋಡಿದರೆ? ಚಿಕ್ಕ ವ್ಯಾಪಾರಿಗಳಿಗಿರುವ ಸೆಕ್ಷನ್ 44ಎಡಿ ಪ್ರಕಾರ ನಗದು ವ್ಯಾಪಾರದ ಶೇ. 8 ಆದಾಯ, ಅಂದರೆ 99,200 ರೂ. ವಿನಾಯಿತಿ ಮಿತಿಯ ಅರ್ಧವೂ ಆಗಲಿಲ್ಲ, ತೆರಿಗೆ ಸೊನ್ನೆ. ಒಂದೇ ಪಾಸ್‌ಬುಕ್ಕಿಗೆ ಒಂದು ಕಡೆ ಒಂಬತ್ತೂಮುಕ್ಕಾಲು ಲಕ್ಷದ ಹತ್ತಿರ ತೆರಿಗೆ, ಇನ್ನೊಂದು ಕಡೆ ಏನೂ ಇಲ್ಲ. ಇದನ್ನು ನಾವು ಅನ್ಯಾಯ ಎಂದೇ ಕರೆಯುತ್ತೇವೆ. ಉತ್ತರ ಬರದಿದ್ದರೂ ಲೆಕ್ಕಕ್ಕೆ ಆಧಾರ ಇರಬೇಕು, ಮನಸ್ಸಿಗೆ ಬಂದಂತೆ ಕಟ್ಟಬಾರದು ಎಂದು ಸುಪ್ರೀಂ ಕೋರ್ಟು 1960ರ ದಶಕದಲ್ಲೇ ಕೇರಳದ ಮಾರಾಟ ತೆರಿಗೆ ಪ್ರಕರಣವೊಂದರಲ್ಲಿ ಹೇಳಿದೆ.

ಆಧಾರ ನೀವು ಕಳಿಸಿದ ಪಾಸ್‌ಬುಕ್ ಪ್ರತಿಯಲ್ಲೇ ಇದೆ. ದೊಡ್ಡ ಗಂಟು ಒಂದೂ ಇಲ್ಲ. ದಿನಾ 3,800, 4,100, 3,950. ಬ್ಯಾಂಕಿಗೆ ರಜೆಯಿದ್ದ ಎರಡನೇ, ನಾಲ್ಕನೇ ಶನಿವಾರದ ಗಲ್ಲಾ ಸೋಮವಾರದ್ದರ ಜೊತೆ ಸೇರಿ ಬಿದ್ದಿದೆ. ವಾರಕ್ಕೊಮ್ಮೆ ಹಾಲಿನವರಿಗೆ, ಕಿರಾಣಿಗೆ ಹಣ ಹೋಗಿದೆ. ಮಾರ್ಚ್ 2020ರ ಕೊನೆಯ ವಾರ ಲಾಕ್‌ಡೌನ್ ಬಂದದ್ದೇ ತಡ, ಜಮೆ ಪೂರ್ತಿ ನಿಂತಿದೆ. ಕಪ್ಪುಹಣ ಲಾಕ್‌ಡೌನ್ ನೋಡಿ ನಿಲ್ಲುವುದಿಲ್ಲ, ಇಡ್ಲಿ ವ್ಯಾಪಾರ ನಿಲ್ಲುತ್ತದೆ. ಈ ಸಾಲುಗಳಿಗೆ ಗುರುತು ಹಾಕಿ, ತಿಂಗಳುವಾರು ಪಟ್ಟಿ ಮಾಡಿ. ಗುಮಾಸ್ತಾ ಲೈಸೆನ್ಸು (ಅಂಗಡಿಯ ನೋಂದಣಿ ಪತ್ರ), ಅಂಗಡಿ ಬಾಡಿಗೆಯ ರಸೀದಿ, ಕಮರ್ಷಿಯಲ್ ಸಿಲಿಂಡರಿನ ಬಿಲ್ಲು, ಕಿರಾಣಿಯವರ ಚೀಟಿ, ಸಿಕ್ಕಿದ್ದನ್ನೆಲ್ಲ ಜೋಡಿಸಿ.

ಇನ್ನು ಮೇಲ್ಮನವಿ. ಪೋರ್ಟಲ್‌ನಲ್ಲೇ ಫಾರ್ಮ್ 35 ತುಂಬಬೇಕು, ನಿಮ್ಮ ಪ್ರಕರಣಕ್ಕೆ ಶುಲ್ಕ 1,000 ರೂ. ಸಂಗತಿಗಳ ವಿವರಣೆ 1,000 ಪದ ಮೀರಬಾರದು, ಒಂದೊಂದು ಆಕ್ಷೇಪ 100 ಪದ ಮೀರಬಾರದು. ಚಿಕ್ಕ ತೆರಿಗೆದಾರರ ಅರ್ಜಿ ಮುಗ್ಗರಿಸುವುದು ಮೂರು ಕಡೆ. ಒಂದು, ತಡ. ಡಿಮ್ಯಾಂಡ್ ನೋಟಿಸು ತಲುಪಿದ 30 ದಿನದೊಳಗೆ ಹಾಕಬೇಕಿತ್ತು. ನೀವು ತಡಮಾಫಿ ಕೇಳಬೇಕು. ಆದೇಶ ಕಣ್ಣಿಗೆ ಬಿದ್ದ ದಿನಾಂಕ, ನೋಟಿಸು ಹೋದ ಇಮೇಲ್ ನಿಮ್ಮದಲ್ಲ ಎಂಬುದಕ್ಕೆ ಪೋರ್ಟಲ್‌ನ ಸ್ಕ್ರೀನ್‌ಶಾಟ್, ಜೊತೆಗೊಂದು ಅಫಿಡವಿಟ್ ಕೊಡಿ. ಇಂದಿನಿಂದ ಒಂದು ದಿನ ತಡವಾದರೂ ಅದಕ್ಕೆ ಬೇರೆ ಕಾರಣ ಹೇಳಬೇಕಾಗುತ್ತದೆ. ಎರಡು, ರಿಟರ್ನ್ ತುಂಬದವರು ಮುಂಗಡ ತೆರಿಗೆಯಷ್ಟು ಹಣ ಕಟ್ಟಿರಬೇಕು ಎನ್ನುತ್ತದೆ ಸೆಕ್ಷನ್ 249(4). ಎಷ್ಟೋ ಅರ್ಜಿಗಳು ಒಳಗೇನಿದೆ ಎಂದು ನೋಡುವ ಮುಂಚೆಯೇ ಇಲ್ಲಿ ವಜಾ ಆಗುತ್ತವೆ. 'ಆದಾಯ ವಿನಾಯಿತಿ ಮಿತಿಯೊಳಗಿತ್ತು, ಮುಂಗಡ ತೆರಿಗೆ ಬರುತ್ತಲೇ ಇರಲಿಲ್ಲ' ಎಂದು ಸ್ಪಷ್ಟವಾಗಿ ಬರೆದು, ಆ ಷರತ್ತಿನಿಂದ ವಿನಾಯಿತಿಯನ್ನೂ ಕೇಳಿ. ಮೂರು, ಅಧಿಕಾರಿಯ ಮುಂದೆ ಇಡದ ಕಾಗದವನ್ನು ಈಗ ಇಡಲು ನಿಯಮ 46ಎ ಅಡಿ ಅನುಮತಿ ಬೇಕು. ಫಾರ್ಮಿನಲ್ಲಿ ಅದಕ್ಕೆ ಜಾಗವಿದೆ, ಖಾಲಿ ಬಿಡಬೇಡಿ.

ಕೇಳುವಾಗ ಎರಡನ್ನೂ ಕೇಳಿ: ಶೇ. 8ರಂತೆ ಆದಾಯ ಎಣಿಸಿ, ಇಲ್ಲವೇ ಪ್ರಕರಣವನ್ನು ಹೊಸ ವಿಚಾರಣೆಗೆ ಹಿಂದಕ್ಕೆ ಕಳಿಸಿ. 144ರ ಆದೇಶಗಳನ್ನು ಹಾಗೆ ಹಿಂದಕ್ಕೆ ಕಳಿಸುವ ಅಧಿಕಾರ ಮೇಲ್ಮನವಿ ಆಯುಕ್ತರಿಗೆ 1 ಅಕ್ಟೋಬರ್ 2024ರಿಂದ ಇದೆ.

ಮೇಲ್ಮನವಿ ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲುವುದಿಲ್ಲ, ಖಾತೆಗೆ ಬೀಗ ಬೀಳಬಹುದು. ತಿಂಗಳಿಗೆ ಶೇ. 1 ಬಡ್ಡಿಯೂ ಏರುತ್ತಿರುತ್ತದೆ. ಫಾರ್ಮ್ 35ರ ರಸೀದಿ ಕೈಗೆ ಬಂದ ದಿನವೇ ನಿಮ್ಮ ಪ್ಯಾನ್ ಯಾವ ವಾರ್ಡಿನಲ್ಲಿದೆಯೋ ಆ ಅಧಿಕಾರಿಗೆ ಸೆಕ್ಷನ್ 220(6) ಅಡಿ ವಸೂಲಿಗೆ ತಡೆ ಕೋರಿ ಬರೆಯಿರಿ. ಶೇ. 20 ಕಟ್ಟಿ ಎನ್ನುತ್ತಾರೆ, 2017ರ ಸುತ್ತೋಲೆಯಲ್ಲಿರುವುದು ಅದೇ. ನಿಮಗದು 1,93,440 ರೂ., ಬಡ್ಡಿ ಬೇರೆ. ಆದರೆ ಅದು ಕಲ್ಲಿನ ಮೇಲಿನ ಗೆರೆಯಲ್ಲ. ಕಡಿಮೆ ಮಾಡುವ ಅವಕಾಶ ಸುತ್ತೋಲೆಯೊಳಗೇ ಇದೆ. ಸಂಸಾರದ ಖರ್ಚು, ಸಾಲ, ಅಂಗಡಿಯ ಈಗಿನ ವ್ಯಾಪಾರವನ್ನು ಅಂಕಿಗಳಲ್ಲಿ ತೋರಿಸಿ ಕೇಳಿ. ದಂಡದ ನೋಟಿಸು ಪ್ರತ್ಯೇಕ ಬರುತ್ತದೆ. ಮೇಲ್ಮನವಿ ತೀರ್ಮಾನವಾಗುವ ತನಕ ತಡೆಹಿಡಿಯಿರಿ ಎಂದು ಅದಕ್ಕೂ ಬರೆದೇ ಉತ್ತರಿಸಿ.

1 ಏಪ್ರಿಲ್ 2026ರಿಂದ ಹೊಸ ಕಾಯ್ದೆ, ಹಳೆಯ ಕೇಸೆಲ್ಲ ಮುಗಿದಂತೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಿಂದಿನ ವರ್ಷಗಳ ಪ್ರಕರಣ 1961ರ ಕಾಯ್ದೆಯಡಿಯೇ ನಡೆಯುತ್ತದೆ.

ಇದಕ್ಕೆಲ್ಲ ಮೊದಲು, ಇವತ್ತು ರಾತ್ರಿ ಅಂಗಡಿ ಮುಚ್ಚಿದ ಮೇಲೆ, ಮಗನನ್ನು ಕೂರಿಸಿಕೊಂಡು ಪೋರ್ಟಲ್‌ನ ಪ್ರೊಫೈಲಿನಲ್ಲಿ ಏಜೆಂಟರ ಇಮೇಲ್ ತೆಗೆದು ನಿಮ್ಮದನ್ನು ಹಾಕಿ. ಎರಡನೆಯ ಸಂಪರ್ಕಕ್ಕೆ ಮಗನ ಮೊಬೈಲ್ ನಂಬರ್ ಇರಲಿ. ಪಾಸ್‌ವರ್ಡೂ ಬದಲಾಗಲಿ. ಮೇಲ್ಮನವಿಯ ನೋಟಿಸುಗಳು ಬರುವುದೂ ಅದೇ ವಿಳಾಸಕ್ಕೆ.